ಮೊದಲು ಕಲ್ಲು, ಆಮೇಲೆ ಉಕ್ಕು: ಜೇಬುಚಾಕು ಕೊಳ್ಳುವವರಿಗೆ

ಪೀಣ್ಯದಲ್ಲಿ ಟೂಲ್‌ರೂಮುಗಳ ಡೈ, ಪಂಚು ಎಂಬ ತಗಡು ಕತ್ತರಿಸುವ ಅಚ್ಚುಗಳಿಗೆ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ, ಆರಿಸಿ ಉಕ್ಕಿಗೆ ಹದ ಕೊಡುವುದು) ಮಾಡಿಕೊಡುವ ಕೆಲಸದಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಈಗ ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ಜೇಬುಚಾಕು ಕೊಳ್ಳಹೊರಟ ನೆಂಟರ ಹುಡುಗರೆಲ್ಲ ನನ್ನನ್ನು ಕೇಳುತ್ತಾರೆ: “ಮಾವ, ಡಿ2 ತೆಗೆದುಕೊಳ್ಳಲೋ, 14ಸಿ28ಎನ್ ತೆಗೆದುಕೊಳ್ಳಲೋ?” ಎರಡೂ ಅಲಗಿನ ಉಕ್ಕಿನ ಹೆಸರುಗಳು. ನಾನು ತಿರುಗಿ ಕೇಳುತ್ತೇನೆ, “ಮನೆಯಲ್ಲಿ ಮಸೆಯುವ ಕಲ್ಲು ಯಾವುದಿದೆ?” ಅವರಿಗೆ ಇದು ಹಿಡಿಸುವುದಿಲ್ಲ. ಆದರೆ ಹೊಸತರಲ್ಲಿ ಎಲ್ಲ ಚಾಕುವೂ ಕೊಯ್ಯುತ್ತದೆ. ಒಮ್ಮೆ ಮೊಂಡಾದ ಮೇಲೆ ಅದು ನಿಮ್ಮ ಕೈಯಲ್ಲಿ ಮತ್ತೆ ಹರಿತವಾಗುತ್ತದೆಯೇ ಎಂಬುದು ಮುಖ್ಯ. ಆಗದಿದ್ದರೆ ಎಷ್ಟು ದುಬಾರಿಯ ಉಕ್ಕಾದರೂ ಅದು ಲಕೋಟೆ ಬಿಚ್ಚುವುದಕ್ಕೆ ಮಾತ್ರ.

ಉಕ್ಕಿಗೆ ಗಡಸುತನ ಕೊಡುವುದು ಇಂಗಾಲ. ಕ್ರೋಮಿಯಂ, ವನೇಡಿಯಂ ಸೇರಿಸಿದಾಗ ಆ ಇಂಗಾಲದ ಒಂದು ಪಾಲು ಅವುಗಳೊಡನೆ ಕೂಡಿ ಕಾರ್ಬೈಡ್ ಎಂಬ ಬಲು ಗಟ್ಟಿಯಾದ ಸಣ್ಣ ಕಣಗಳಾಗುತ್ತದೆ. ಅಲಗು ಬೇಗ ಸವೆಯದಂತೆ ಕಾಯುವುದು ಈ ಕಣಗಳೇ. ಮಸೆಯುವಾಗ ಕಲ್ಲಿಗೆ ಎದುರು ನಿಲ್ಲುವುದೂ ಇವೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಕಾರ್ಬೋರಂಡಂ ಕಲ್ಲು ಕ್ರೋಮಿಯಂ ಕಾರ್ಬೈಡನ್ನು ಸಲೀಸಾಗಿ ಉಜ್ಜಿ ಹಾಕುತ್ತದೆ. ವನೇಡಿಯಂ ಕಾರ್ಬೈಡ್ ಆ ಕಲ್ಲಿಗಿಂತಲೂ ಗಟ್ಟಿ. ಶೇ. 4ರಷ್ಟು ವನೇಡಿಯಂ ಇರುವ ಎಸ್30ವಿ ಉಕ್ಕನ್ನು ಅದರ ಮೇಲೆ ಉಜ್ಜಿದರೆ ಅಂಚು ಬರುವುದೇ ಇಲ್ಲವೆಂದಲ್ಲ, ಆದರೆ ಅಷ್ಟರಲ್ಲಿ ಕೈ ಸೋತಿರುತ್ತದೆ. ಅದಕ್ಕೆ ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ಬೇಕು. ಪ್ಲೇಟ್ ಇಲ್ಲದವರು, ಕೊಳ್ಳುವ ಮನಸ್ಸೂ ಇಲ್ಲದವರು ಎಸ್30ವಿಯ ಆಸೆ ಬಿಡುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ, ನಿಮ್ಮ ಚಾಕು ಹೇಗೆ ಮೊಂಡಾಗುತ್ತದೆ ಎಂಬುದು. ಅಂಚನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ. ಉದ್ದಕ್ಕೂ ಸಣ್ಣ ಬಿಳಿ ಗೆರೆ ಮಿನುಗಿದರೆ ಅದು ಸವೆದಿದೆ ಅಥವಾ ಒಂದು ಬದಿಗೆ ಮಡಚಿಕೊಂಡಿದೆ. ಅಲ್ಲಲ್ಲಿ ಚುಕ್ಕಿಗಳಂತೆ ಮಿನುಗಿದರೆ, ಹತ್ತಿ ಸವರಿದಾಗ ಎಳೆ ಸಿಕ್ಕಿಕೊಂಡರೆ, ಅಂಚು ಹಲ್ಲು ಹಲ್ಲಾಗಿ ಒಡೆದಿದೆ. ಮಡಚಿಕೊಳ್ಳುವುದು ಉಕ್ಕು ಮೆದುವಾದದ್ದರಿಂದ. ಒಡೆಯುವುದು ಉಕ್ಕು ಗಡಸಾಗಿದ್ದು ಅಂಚು ತೀರಾ ತೆಳುವಾದಾಗ. ನಾಲ್ಕನೆಯ ದಾರಿ ತುಕ್ಕು. ಮಲೆನಾಡಿನ ಆಷಾಢದಲ್ಲಿ ಏನೂ ಕೊಯ್ಯದೆ ಜೇಬಿನಲ್ಲಿದ್ದ ಚಾಕು ಕೂಡ ಮೊಂಡಾಗುತ್ತದೆ. ಕಣ್ಣಿಗೆ ಕಾಣದಷ್ಟು ತುಕ್ಕು ಮೊದಲು ಹತ್ತುವುದು ಅಂಚಿಗೆ.

ಈಗ ಉಕ್ಕುಗಳ ವಿಚಾರ. ಬರಿಯ ಕಾರ್ಬನ್ ಉಕ್ಕಿನ ಮೇಲೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಚಾಕುವಿನ ಕಾರ್ಬನ್ ಅಲಗಿನಲ್ಲಿ ಇಂಗಾಲ ಶೇ. 0.9ರಷ್ಟು, ಕ್ರೋಮಿಯಂ ಹೆಸರಿಗೂ ಇಲ್ಲವೆನ್ನಬಹುದು. ದೊಡ್ಡ ಕಾರ್ಬೈಡಿನ ತೊಡಕಿಲ್ಲದ ಕಾರಣ ಕಾರ್ಬೋರಂಡಂ ಕಲ್ಲಿನ ಮೇಲೆ ನಾಲ್ಕು ಎಳೆತಕ್ಕೆ ಎದ್ದು ಬರುತ್ತದೆ. ಕಸಿ ಕಟ್ಟುವವರಿಗೆ ಬೇಕಾದ ನುಣುಪು ಕೊಯ್ತ ಇದರಲ್ಲಿ ಸುಲಭ. ಆದರೆ ಹಸಿ ಅಡಿಕೆ ಕೊಯ್ದು ನೋಡಿ: ಅಲಗು ಕ್ಷಣದಲ್ಲಿ ನೀಲಿಗಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಬರುವ ಬಣ್ಣವದು, ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಬಗೆಯಲ್ಲಿ. ಆ ಕಪ್ಪಿನಿಂದ ಕೆಡುಕಿಲ್ಲ. ಕೆಂಪು ತುಕ್ಕನ್ನು ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಕೂಡ. ಉಜ್ಜಿ ಬೆಳ್ಳಗೆ ಮಾಡಲು ಹೋಗಬೇಡಿ. ಕೆಂಪು ಕಂಡರೆ ಮಾತ್ರ ಕೂಡಲೇ ತೆಗೆಯಬೇಕು. ಲಿಂಬೆ, ಮಾವು ಕೊಯ್ದ ಮೇಲೆ ಒರೆಸದೆ ಮಡಚಿದರೆ ಬೆಳಗಿನ ಹೊತ್ತಿಗೆ ಕೆಂಪು ಖಂಡಿತ. ಒಪಿನೆಲ್‌ನ ಇನ್ನೊಂದು ಕಿರಿಕಿರಿ ಉಕ್ಕಿನದಲ್ಲ, ಹಿಡಿಯದು: ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಹೊರಗೆ ಬರುವುದಿಲ್ಲ. ಹಿಡಿಯ ತುದಿಯನ್ನು ಮೇಜಿಗೆ ಮೆಲ್ಲಗೆ ಬಡಿಯಿರಿ, ಅಲಗಿನ ಬೆನ್ನು ಬೆರಳಿಗೆ ಸಿಗುವಷ್ಟು ಮೇಲೇಳುತ್ತದೆ. ಸವೊಯ್ ಕಡೆಯವರೂ ಹಾಗೆಯೇ ಮಾಡುತ್ತಾರೆ.

ಡಿ2 ನನ್ನ ಹಳೆಯ ಪರಿಚಯದ್ದು. ಪೀಣ್ಯದಲ್ಲಿ ಎಚ್‌ಸಿಎಚ್‌ಸಿಆರ್ (ಹೆಚ್ಚು ಕಾರ್ಬನ್, ಹೆಚ್ಚು ಕ್ರೋಮಿಯಂ) ಎಂದು ಕರೆಯುವ ಡೈ ಉಕ್ಕಿನ ಬಳಗ. ತಗಡು ಕತ್ತರಿಸುವ ಪಂಚಿಗೆ ಇದಕ್ಕಿಂತ ನಂಬಿಕಸ್ಥ ಉಕ್ಕು ಕಡಿಮೆ. ಇಂಗಾಲ ಶೇ. 1.5, ಕ್ರೋಮಿಯಂ ಶೇ. 12. ಆ ಹನ್ನೆರಡನ್ನು ನೋಡಿ ಇದು ಹೆಚ್ಚುಕಡಿಮೆ ಸ್ಟೇನ್‌ಲೆಸ್ಸೇ ಎಂದು ಮಾರುವವರಿದ್ದಾರೆ. ಅದರಲ್ಲಿ ಅರ್ಧದಷ್ಟು ಕ್ರೋಮಿಯಂ ಕಾರ್ಬೈಡಿನೊಳಗೆ ಸೆರೆಯಾಗಿರುತ್ತದೆ. ತುಕ್ಕು ತಡೆಯುವುದು ಸೆರೆಯಾಗದೆ ಉಳಿದದ್ದು ಮಾತ್ರ. ಇದಕ್ಕೆ ತದ್ವಿರುದ್ಧ ಉದಾಹರಣೆ 2021ರಲ್ಲಿ ಬಂದ ಮ್ಯಾಗ್ನಾಕಟ್. ಲಾರಿನ್ ಥಾಮಸ್ ಎಂಬ ಲೋಹವಿಜ್ಞಾನಿ ರೂಪಿಸಿದ ಈ ಉಕ್ಕಿನಲ್ಲಿ ಕ್ರೋಮಿಯಂ ಡಿ2ಗಿಂತಲೂ ಕಡಿಮೆ, ಶೇ. 11ರ ಒಳಗೆ. ಆದರೆ ಕಾರ್ಬೈಡ್ ಆಗುವ ಕೆಲಸವನ್ನು ವನೇಡಿಯಂ ಮತ್ತು ನಿಯೋಬಿಯಂ ವಹಿಸಿಕೊಂಡು ಕ್ರೋಮಿಯಂ ಪೂರ್ತಿ ಬಿಡುವಾಗಿ ಉಳಿಯುವುದರಿಂದ ತುಕ್ಕಿಗೆ ಬಗ್ಗುವುದಿಲ್ಲ. ಒಟ್ಟು ಅಂಕಿ ನೋಡಿ ಉಕ್ಕು ಅಳೆಯಬಾರದು ಎನ್ನುವುದು ಇದಕ್ಕೇ. ಮ್ಯಾಗ್ನಾಕಟ್‌ಗೂ ಡೈಮಂಡ್ ಪ್ಲೇಟ್ ಬೇಕು, ಬೆಲೆಯೂ ಹೆಚ್ಚು.

ಡಿ2ದಲ್ಲಿ ಹೀಟ್ ಟ್ರೀಟ್‌ಮೆಂಟಿನ ಗುಟ್ಟೊಂದಿದೆ. ಸುಮಾರು 1,020 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸಿದ ಮೇಲೆ ಟೆಂಪರಿಂಗ್, ಅಂದರೆ ಪೆಡಸು ಕಳೆಯಲು ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸುವುದು, ಮಾಡಬೇಕು. 200 ಡಿಗ್ರಿಯ ಆಸುಪಾಸಿನಲ್ಲಿ ಮಾಡಬಹುದು, 500ರ ಮೇಲೂ ಮಾಡಬಹುದು. ಎರಡರಲ್ಲೂ ಬಳಸಲು ಸಾಕಷ್ಟು ಗಡಸುತನ ಉಳಿಯುತ್ತದೆ. ಆದರೆ ಮೇಲಿನ ಶಾಖದಲ್ಲಿ ಇನ್ನಷ್ಟು ಕ್ರೋಮಿಯಂ ಕಾರ್ಬೈಡಾಗಿ ಕಳೆದುಹೋಗುತ್ತದೆ, ಚಾಕು ಬೇಗ ತುಕ್ಕು ಹಿಡಿಯುತ್ತದೆ. ಡಬ್ಬದ ಮೇಲೆ ಎರಡಕ್ಕೂ ಬರೆಯುವುದು ಡಿ2 ಎಂದೇ. ಹೆಸರಿಗಿಂತ ಹದ ದೊಡ್ಡದು ಎಂದು ನಂಬದವರಿಗೆ ನಾನು ಅಮೆರಿಕದ ಬಕ್ ಕಂಪನಿಯನ್ನು ತೋರಿಸುತ್ತೇನೆ. ಅವರ 420ಎಚ್‌ಸಿ ಕಾಗದದ ಮೇಲೆ ಸಾಧಾರಣ ಉಕ್ಕು, ಇಂಗಾಲ ಅರ್ಧ ಶೇಕಡಾಕ್ಕಿಂತ ಕಡಿಮೆ. ಈ ಕೆಲಸದಲ್ಲಿ ಪಳಗಿದ ಪಾಲ್ ಬೋಸ್ ಅವರು ರೂಢಿಸಿದ ಹೀಟ್ ಟ್ರೀಟ್‌ಮೆಂಟಿನಿಂದ ಅದು 58 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ; ಅಂಕಿ ಹೆಚ್ಚಿದಷ್ಟೂ ಉಕ್ಕು ಗಡಸು) ಗಡಸುತನ ತಲುಪಿ, ಹೆಸರಾಂತ ಉಕ್ಕಿನ ಎಷ್ಟೋ ಅಗ್ಗದ ಚಾಕುಗಳನ್ನು ನಾಚಿಸುತ್ತದೆ.

ಡಿ2 ಯಾರಿಗೆ? ದಿನವಿಡೀ ರಟ್ಟಿನ ಪೆಟ್ಟಿಗೆ, ಗೊಬ್ಬರದ ಚೀಲ, ಹಗ್ಗ ಕತ್ತರಿಸುವವರಿಗೆ. ದೊಡ್ಡ ಕಾರ್ಬೈಡುಗಳಿಂದಾಗಿ ಅಂಚು ಗರಗಸದ ಸಣ್ಣ ಹಲ್ಲಿನಂತೆ ಕಚ್ಚಿ ಕೊಯ್ಯುತ್ತದೆ. ಹಣ್ಣು ಕೊಯ್ಯಲು, ಕಸಿಗೆ ಬೇಡ. ತೀರಾ ತೆಳು ಅಂಚು ಕೊಟ್ಟರೆ ಆ ಕಾರ್ಬೈಡುಗಳೇ ಉದುರಿ ಹಲ್ಲು ಬೀಳುತ್ತವೆ.

ಸ್ವೀಡನ್ನಿನ ಸ್ಯಾಂಡ್‌ವಿಕ್ ಹೆಸರಿನಲ್ಲಿ ಬರುತ್ತಿದ್ದ (2022ರಿಂದ ಕಂಪನಿಯ ಹೆಸರು ಅಲೈಮಾ) ಉಕ್ಕುಗಳಾದ 12ಸಿ27, 14ಸಿ28ಎನ್ ಎರಡೂ ಜೇಬುಚಾಕುವಿಗೆ ಹೇಳಿ ಮಾಡಿಸಿದಂಥವು. ಇಂಗಾಲ ಶೇ. 0.6ರ ಆಸುಪಾಸು, ಕ್ರೋಮಿಯಂ ಶೇ. 13.5ರಿಂದ 14. ಕಾರ್ಬೈಡ್ ಸಣ್ಣವು, ಹಾಗಾಗಿ ಅಂಚು ನುಣುಪಾಗಿ ನಿಲ್ಲುತ್ತದೆ, ಸಾಮಾನ್ಯ ಕಲ್ಲೇ ಸಾಕು. ಎರಡನೆಯದರಲ್ಲಿ ಚೂರು ಸಾರಜನಕ ಸೇರಿಸಿ ತುಕ್ಕು ತಡೆಯುವ ಶಕ್ತಿ ಹೆಚ್ಚಿಸಿದ್ದಾರೆ. ಚೀನಾದ 8ಸಿಆರ್13ಎಂಒವಿ ಇವುಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಹದ ಸರಿಯಿದ್ದರೆ ದೂರುವಂಥದ್ದೇನಿಲ್ಲ. ವಿಕ್ಟೋರಿನಾಕ್ಸ್‌ನ ಸ್ವಿಸ್ ಚಾಕು ಬೇಕೆಂದೇ 56 ಎಚ್‌ಆರ್‌ಸಿಯಷ್ಟು ಮೆದು: ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮಸೆಯಬಹುದು, ಒಡೆಯುವುದಿಲ್ಲ. ಜಪಾನಿನ ವಿಜಿ-10 ಚೆನ್ನಾಗಿದೆ. ಅಡುಗೆಮನೆಯ ಚಾಕುವಿನಲ್ಲಿ ಇನ್ನೂ ಚೆನ್ನ.

ಬರಿದೇ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಅಚ್ಚೊತ್ತಿ ಉಕ್ಕಿನ ಹೆಸರು ಹೇಳದ ಚಾಕು ಸಿಕ್ಕರೆ, ಕೊಂಡ ಮೇಲೆ ಹಿಡಿಯ ಬುಡದ ಹತ್ತಿರ ಅಂಚಿಗೆ ಒಂದು ಒಳ್ಳೆಯ ಅರವನ್ನು ಮೆಲ್ಲಗೆ ತಾಗಿಸಿ ನೋಡಿ. ಅರ ಜಾರಿದರೆ ಅಲಗಿಗೆ ಹದವಿದೆ. ಕಚ್ಚಿ ಪುಡಿ ಉದುರಿಸಿದರೆ ಅದು ಹಿಂದಿರುಗಿಸಬೇಕಾದ ಸರಕು.

ಎರಡು ಚಾಕುಗಳನ್ನು ನೀವೇ ಹೋಲಿಸಬೇಕಾದರೆ ಮೊದಲು ಎರಡಕ್ಕೂ ಒಂದೇ ಕೋನ ಕೊಡಿ, ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಕಾರ್ಖಾನೆಯವರ ಕೋನಗಳನ್ನು. ಅಲಗು 2 ಸೆಂ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ 7 ಮಿ.ಮೀ. ಎತ್ತಿ ಹಿಡಿಯಿರಿ, ಒಂದು ಬದಿಗೆ ಸುಮಾರು 20 ಡಿಗ್ರಿ ಬರುತ್ತದೆ. ಅಂಚಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದು ಎರಡು ಎಳೆತ ಎಳೆದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂದು ತಿಳಿಯುತ್ತದೆ. ತುದಿಯ ತನಕ ಬಣ್ಣ ಹೋಗಬೇಕು. ಎದುರು ಬದಿಯಲ್ಲಿ ಉಗುರಿಗೆ ತೊಡರುವ ತೆಳ್ಳನೆಯ ಬರ್ ಉದ್ದಕ್ಕೂ ಎದ್ದ ಮೇಲೆಯೇ ಬದಿ ಬದಲಿಸಿ. ಹೆಚ್ಚಿನವರು ಸೋಲುವುದು ಇಲ್ಲಿ, ಬರ್ ಏಳುವ ಮೊದಲೇ ತಿರುಗಿಸಿ ಉಕ್ಕನ್ನು ಬೈಯುತ್ತಾರೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಅಂಚು ಹಿಂದಾಗುವಂತೆ ಎಳೆದು ಬರ್ ಕಳೆಯಿರಿ. ಆಮೇಲೆ ಒಂದೇ ಪೆಟ್ಟಿಗೆಯ ರಟ್ಟನ್ನು ಎರಡರಿಂದಲೂ ಸಮನಾಗಿ ಪಟ್ಟಿ ಪಟ್ಟಿಯಾಗಿ ಕೊಯ್ಯುತ್ತ, ನಡುನಡುವೆ ದಿನಪತ್ರಿಕೆಯ ಹಾಳೆಯ ಮೇಲೆ ನೋಡಿ. ಹಾಳೆ ಹರಿಯಲು ಶುರುಮಾಡಿದ ಚಾಕು ಸೋತಿತು. ಅದನ್ನು ಮತ್ತೆ ಮಸೆಯಲು ಎಷ್ಟು ಹೊತ್ತು ಬೇಕಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ಓದುವ ತಾಳ್ಮೆಯಿಲ್ಲದ ಹುಡುಗರಿಗೆ ಫೋನಿನಲ್ಲಿ ಹೇಳುವುದು ಇಷ್ಟು. ಕರಾವಳಿಯವರಿಗೆ, ಮೀನು ಕೊಯ್ಯುವವರಿಗೆ, ಒರೆಸುವ ಅಭ್ಯಾಸವಿಲ್ಲದವರಿಗೆ 14ಸಿ28ಎನ್. ಬೆಂಗಳೂರಿನಲ್ಲಿ ಪಾರ್ಸೆಲ್ ಬಿಚ್ಚುವವರಿಗೆ ಡಿ2 ಅಥವಾ 8ಸಿಆರ್. ತೋಟದವರಿಗೆ, ದಿನಾ ಸಂಜೆ ಚಾಕು ಒರೆಸುವವರಿಗೆ ಕಾರ್ಬನ್. ಅಲಗಿಗೆ ಕೊಬ್ಬರಿ ಎಣ್ಣೆ ಸವರಬಹುದು, ಹಣ್ಣು ಕೊಯ್ದರೂ ಚಿಂತೆಯಿಲ್ಲ. ತಿರುಗಣೆಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯೇ ಇರಲಿ. ಪುಷ್ಯದ ಬೆಳಗಿನ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಚಾಕು ಬಿಗಿಯುತ್ತದೆ. ವಿಮಾನ ಹತ್ತುವ ದಿನ ಚಾಕುವನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿ ಸಿಕ್ಕರೆ ಭದ್ರತಾ ಸಿಬ್ಬಂದಿ ಅದರ ಉಕ್ಕು ಯಾವುದೆಂದು ವಿಚಾರಿಸುವುದಿಲ್ಲ.