ಘಟ್ಟ ಹತ್ತಿಳಿಯುವ ಕಾರಿನಲ್ಲಿ ಟಯರ್ ದೀಪ ಸುಮ್ಮಸುಮ್ಮನೆ ಹೊತ್ತಿಕೊಂಡರೆ

ಡ್ಯಾಶ್‌ಬೋರ್ಡಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ಟಯರ್ ದೀಪ ಹೊತ್ತಿದರೆ ಮೊದಲು ಗಾಡಿ ಬದಿಗೆ ಹಾಕಿ ನಾಲ್ಕೂ ಟಯರ್ ನೋಡಿ. ಯಾವುದೂ ಕುಳಿತಿಲ್ಲ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿಲ್ಲ ಎಂದಾದರೆ ಉಳಿದದ್ದನ್ನು ನಿಧಾನಕ್ಕೆ ಹುಡುಕಬಹುದು. ಹಾಗಂತ ಕಣ್ಣಿಗೆ ಸರಿ ಕಂಡಿತು, ದೀಪವೇ ಸುಳ್ಳು ಎಂದು ತೀರ್ಮಾನಿಸಬೇಡಿ. ಈಗಿನ ರೇಡಿಯಲ್ ಟಯರಿನಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದಲ್ಲಿ 26 ಇದ್ದರೂ ನೋಡಲಿಕ್ಕೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಕಾರವಾರ, ಕುಮಟಾ, ಹೊನ್ನಾವರದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಹತ್ತಿಳಿಯುವ ಗಾಡಿಗಳಲ್ಲಿ ‘ಸುಳ್ಳು ದೀಪ’ ಎನ್ನಿಸಿಕೊಳ್ಳುವುದರಲ್ಲಿ ಬಹುಪಾಲು ಸೆನ್ಸರಿನ ತಪ್ಪಲ್ಲ. ಗಾಳಿ ಹಾಕಿಸಿದ ಹೊತ್ತು ತಪ್ಪು, ಹಾಕಿಸಿದ ಜಾಗ ತಪ್ಪು. ಅದನ್ನು ಸರಿಮಾಡದೆ ಸೆನ್ಸರ್ ಬದಲಿಸಲು ಹೊರಟರೆ ದುಡ್ಡೂ ಹೋಗುತ್ತದೆ, ದೀಪವೂ ಉಳಿಯುತ್ತದೆ.

ದೀಪ ಹೇಗೆ ಹೊತ್ತುತ್ತದೆ ಎಂಬುದನ್ನೂ ಗಮನಿಸಿ. ಗಾಡಿ ಶುರುಮಾಡಿದ ಕೂಡಲೇ ಒಂದರಿಂದ ಒಂದೂವರೆ ನಿಮಿಷ ಮಿಣುಕಿ ಆಮೇಲೆ ಸ್ಥಿರವಾಗಿ ನಿಂತರೆ ಅದು ವ್ಯವಸ್ಥೆಯದೇ ದೋಷ: ಸೆನ್ಸರ್ ಮಾತಾಡುತ್ತಿಲ್ಲ, ಅಥವಾ ಕಾರಿಗೆ ಅದು ಕೇಳಿಸುತ್ತಿಲ್ಲ. ಮಿಣುಕದೆ ನೇರವಾಗಿ ಹೊತ್ತಿದರೆ ಕಾರು ಹೇಳುತ್ತಿರುವುದು ‘ಗಾಳಿ ಕಡಿಮೆ’ ಎಂದಷ್ಟೇ. ಇವೆರಡಕ್ಕೂ ಪರಿಹಾರ ಬೇರೆ ಬೇರೆ.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಪರದೆಯ ಮೇಲೆ ಪ್ರತಿ ಚಕ್ರಕ್ಕೂ ಪಿಎಸ್‌ಐ ಅಂಕಿ ಕಾಣುತ್ತಿದ್ದರೆ ಚಕ್ರದೊಳಗೆ, ವಾಲ್ವಿನ ಬುಡದಲ್ಲಿ, ಬ್ಯಾಟರಿ ಇರುವ ಸೆನ್ಸರ್ ಕೂತಿದೆ. ಇದು ನೇರ ಬಗೆ. ಹುಂಡೈ ಕ್ರೆಟಾ, ಕಿಯಾ ಸೆಲ್ಟೋಸ್‌ಗಳ ಟಿಪಿಎಂಎಸ್ (ಟಯರಿನ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ) ಇರುವ ಮಾದರಿಗಳಲ್ಲಿ ಹೀಗಿರುತ್ತದೆ. ಅಂಕಿ ಕಾಣದೆ ಬರೀ ದೀಪ, ಜೊತೆಗೆ ಮೆನುವಿನಲ್ಲಿ ‘ಸೆಟ್’ ಅಥವಾ ‘ಸ್ಟೋರ್’ ಆಯ್ಕೆ ಇದ್ದರೆ ಬಹುತೇಕ ಪರೋಕ್ಷ ಬಗೆ. ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್, ಸ್ಕೋಡಾ ಕುಶಾಕ್, ಸ್ಲಾವಿಯಾಗಳದ್ದು ಇದು. ಇಲ್ಲಿ ಗಾಳಿಯನ್ನು ಯಾರೂ ಅಳೆಯುತ್ತಿಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ಚೂರು ಕಡಿಮೆಯಾಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ನ ಚಕ್ರವೇಗ ಸೆನ್ಸರುಗಳ ಲೆಕ್ಕದಿಂದ ಕಾರು ಅದನ್ನು ಊಹಿಸುತ್ತದೆ.

ಕೆಳಗೆ ತುಂಬಿದ ಗಾಳಿ, ಮೇಲೆ ಹೊತ್ತುವ ದೀಪ

ಟಯರಿನೊಳಗಿನ ಗಾಳಿ 6 ಡಿಗ್ರಿ ಸೆಲ್ಸಿಯಸ್ ತಣಿದರೆ ಒತ್ತಡ ಹೆಚ್ಚುಕಮ್ಮಿ 1 ಪಿಎಸ್‌ಐ ಇಳಿಯುತ್ತದೆ. ಇದನ್ನು ನಮ್ಮ ಜಿಲ್ಲೆಯ ದಾರಿಗೆ ಅನ್ವಯಿಸಿ ನೋಡಿ. ಡಿಸೆಂಬರಿನ ಮಧ್ಯಾಹ್ನ ಕಾರವಾರದಿಂದ ಹೆದ್ದಾರಿಯಲ್ಲಿ ಬಂದು ಕುಮಟಾದ ಬಂಕಿನಲ್ಲಿ ನಿಂತು ಸರಿಯಾಗಿ 33 ಪಿಎಸ್‌ಐ ಹಾಕಿಸಿದಿರಿ. ಆಗ ಒಳಗಿನ ಗಾಳಿ 50–55 ಡಿಗ್ರಿ ಬಿಸಿ ಇರಬಹುದು. ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ ರಾತ್ರಿ ಗಾಡಿ ಅಂಗಳದಲ್ಲಿ ನಿಂತಿತು. ಬೆಳಗಿನ 15 ಡಿಗ್ರಿಯಲ್ಲಿ ಅದೇ ಟಯರಿನಲ್ಲಿ ಉಳಿಯುವುದು 28ರ ಆಸುಪಾಸು. ಒಂದು ತೊಟ್ಟೂ ಗಾಳಿ ಸೋರಿಲ್ಲ! ಹೆಚ್ಚಿನ ವ್ಯವಸ್ಥೆಗಳು ನಿಗದಿತ ಒತ್ತಡಕ್ಕಿಂತ ಶೇ. 20–25ರಷ್ಟು ಇಳಿದಾಗ ದೀಪ ಹೊತ್ತಿಸುತ್ತವೆ. 33ಕ್ಕೆ ಶೇ. 20 ಕಡಿಮೆ ಎಂದರೆ 26.4. ಒಳ್ಳೆಯ ಟಯರ್ ಕೂಡ ತಿಂಗಳಿಗೆ 1 ಪಿಎಸ್‌ಐ ಬಿಟ್ಟುಕೊಡುವುದು ಸಹಜ. ಅಂದರೆ ಹಾಗೆ ತುಂಬಿಸಿದ ಗಾಡಿ ಒಂದೆರಡು ತಿಂಗಳಲ್ಲಿ ಯಾವುದೋ ಚಳಿಯ ಬೆಳಿಗ್ಗೆ ದೀಪ ತೋರಿಸುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಟಯರ್ ಬಿಸಿಯಾಗಿ ದೀಪ ಆರಿಹೋಗುತ್ತದೆ. ‘ಸೆನ್ಸರ್ ಹಾಳಾಗಿದೆ’ ಎಂಬ ಮಾತು ಹುಟ್ಟುವುದು ಇಲ್ಲೇ. ಸೆನ್ಸರ್ ಹೇಳಿದ್ದು ನಿಜವನ್ನೇ.

ಎತ್ತರದ್ದೂ ಒಂದು ಆಟವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ವಾತಾವರಣದ ಒತ್ತಡ ಕಡಲತೀರಕ್ಕಿಂತ ಸುಮಾರು 1 ಪಿಎಸ್‌ಐ ಕಡಿಮೆ. ಕೈಗೇಜ್ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು ತೋರಿಸುವುದರಿಂದ ಮೇಲೆ ಹೋದಾಗ 1 ಹೆಚ್ಚು ತೋರಿಸುತ್ತದೆ. ಚಕ್ರದೊಳಗಿನ ಸೆನ್ಸರ್ ಒಟ್ಟು ಒತ್ತಡವನ್ನು ಅಳೆಯುತ್ತದೆ. ಹಲವು ಕಾರುಗಳು ಅದರಿಂದ ಸಮುದ್ರಮಟ್ಟದ ಅಂಕಿಯನ್ನೇ ಕಳೆದು ಪರದೆಗೆ ಹಾಕುತ್ತವೆ. ಹಾಗಾಗಿ ಶಿರಸಿಯಲ್ಲಿ ಗೇಜ್ 33 ಎಂದರೆ ಪರದೆ 32 ಎನ್ನಬಹುದು. ಜಗಳ ಬೇಡ, ಎರಡೂ ಸರಿ. 1 ಪಿಎಸ್‌ಐ ವ್ಯತ್ಯಾಸಕ್ಕೆ ಯಾರನ್ನೂ ದೂರುವ ಅಗತ್ಯವಿಲ್ಲ.

ಇದಕ್ಕೆಲ್ಲ ಮದ್ದು ಒಂದೇ: ಟಯರ್ ತಣ್ಣಗಿರುವಾಗ, ಗಾಡಿ ಹೆಚ್ಚಾಗಿ ರಾತ್ರಿ ಕಳೆಯುವ ಊರಿನಲ್ಲಿ, ನಿಮ್ಮದೇ ಗೇಜಿನಿಂದ ಅಳೆದು ಗಾಳಿ ಹಾಕಿ. ತಣ್ಣಗೆ ಎಂದರೆ ಗಾಡಿ ಕನಿಷ್ಠ 3 ತಾಸು ನಿಂತಿರಬೇಕು, ಅಥವಾ ನಿಧಾನಕ್ಕೆ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬಿಸಿಲಿಗೆ ಬಿದ್ದ ಕಡೆಯ ಟಯರ್ ನಿಂತಲ್ಲೇ ಬಿಸಿಯಾಗಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ಮೇಲು. ಎಷ್ಟು ಹಾಕಬೇಕೆಂಬುದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಇರುವ ಸ್ಟಿಕ್ಕರಿನಲ್ಲಿದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಆ ಟಯರ್ ತಾಳಬಲ್ಲ ಗರಿಷ್ಠ, ಅದನ್ನು ಹಾಕಬೇಡಿ. ಸ್ಟಿಕ್ಕರಿನಲ್ಲಿ 2.3 ಬಾರ್ ಅಥವಾ 230 ಕಿಲೋಪ್ಯಾಸ್ಕಲ್ ಎಂದಿದ್ದರೆ ಅದು ಸುಮಾರು 33 ಪಿಎಸ್‌ಐ. ಹಿಂದೆ ಅಡಿಕೆ ಚೀಲ ಹೇರುವವರು ‘ಪೂರ್ಣ ಭಾರ’ ಎಂಬ ಸಾಲಿನ ಅಂಕಿ ನೋಡಬೇಕು.

ದಾರಿಯ ಮಧ್ಯೆ ಬಿಸಿ ಟಯರಿಗೇ ಹಾಕಿಸಬೇಕಾಗಿ ಬಂದರೆ ಸ್ಟಿಕ್ಕರಿಗಿಂತ 3–4 ಹೆಚ್ಚಿಗೆ ಹಾಕಿಸಿ ಮರುದಿನ ಬೆಳಿಗ್ಗೆ ಸರಿಮಾಡಿಕೊಳ್ಳಿ. ಬಿಸಿ ಟಯರಿನಿಂದ ಗಾಳಿ ತೆಗೆಯುವುದು ಮಾತ್ರ ಎಂದೂ ಬೇಡ. ಅರಬೈಲ್ ಅಥವಾ ದೇವಿಮನೆ ಇಳಿಯುವಾಗ ಬ್ರೇಕಿನ ಬಿಸಿ ರಿಮ್ಮಿಗೆ ಏರಿ ಮುಂದಿನ ಎರಡು ಚಕ್ರಗಳ ಅಂಕಿ ಹಿಂದಿನವಕ್ಕಿಂತ ಹೆಚ್ಚಾಗುತ್ತದೆ. ಕೆಳಗೆ ಬಂದು ‘ಜಾಸ್ತಿಯಾಗಿದೆ’ ಎಂದು ಗಾಳಿ ಬಿಟ್ಟವರಿಗೆ ಮರುದಿನ ದೀಪ ಗ್ಯಾರಂಟಿ. ಅಂಥ ಬಿಸಿ ಕಡಿಮೆ ಮಾಡಲು ಗೇರ್ ಇಳಿಸಿ ಎಂಜಿನ್ ಬ್ರೇಕಿನಲ್ಲಿ ಇಳಿಯಬೇಕು. ಅದು ಟಯರಿಗಿಂತ ಬ್ರೇಕಿಗೇ ಹೆಚ್ಚು ಮುಖ್ಯ.

ನೈಟ್ರೋಜನ್ ತುಂಬಿಸಿದರೆ ಈ ಏರಿಳಿತ ಇರುವುದಿಲ್ಲ ಎನ್ನುವುದು ನಿಜವಲ್ಲ. ಬಿಸಿಗೆ ಹಿಗ್ಗುವುದರಲ್ಲಿ ಒಣ ಗಾಳಿಗೂ ನೈಟ್ರೋಜನ್ನಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ತೊಂದರೆ ಕೊಡುವುದು ತೇವ. ಮಳೆಗಾಲದಲ್ಲಿ ಕಂಪ್ರೆಸರಿನ ಟ್ಯಾಂಕಿನೊಳಗೆ ನೀರು ಕೂಡಿಕೊಳ್ಳುತ್ತದೆ. ದಿನಾ ಅದನ್ನು ಬಿಡದ ಅಂಗಡಿಯಲ್ಲಿ ಪೈಪಿನಿಂದ ಗಾಳಿಯ ಜೊತೆ ನೀರೂ ಬರುತ್ತದೆ. ಪೈಪನ್ನು ಅಂಗೈಗೆ ಹಿಡಿದು ಒಮ್ಮೆ ಊದಿಸಿ ನೋಡಿ, ಕೈ ಒದ್ದೆಯಾದರೆ ಬೇರೆ ಕಡೆ ಹೋಗಿ.

ಪರೋಕ್ಷ ಬಗೆಯಲ್ಲಿ ಮರುಹೊಂದಿಕೆ

ಗಾಳಿ ಹಾಕಿದಾಗ, ಟಯರ್ ಅದಲುಬದಲು ಮಾಡಿದಾಗ, ಹೊಸ ಟಯರ್ ಹಾಕಿದಾಗ ಪ್ರತಿಸಲವೂ ‘ಸೆಟ್’ ಕೊಡಬೇಕು. ಕ್ರಮ ಮುಖ್ಯ: ಮೊದಲು ತಣ್ಣಗಿನ ಟಯರಿಗೆ ಸರಿಯಾದ ಗಾಳಿ, ಆಮೇಲೆ ಇಗ್ನಿಷನ್ ಆನ್ ಮಾಡಿ ಮೆನುವಿನಲ್ಲಿ ಸ್ಟೋರ್ ಒತ್ತುವುದು, ಅಥವಾ ಬಟನ್ ಇದ್ದರೆ ದೀಪ ಮಿಣುಕುವವರೆಗೆ ಒತ್ತಿ ಹಿಡಿಯುವುದು. ದೀಪ ಆರಿಸುವ ಆತುರಕ್ಕೆ ಗಾಳಿ ಹಾಕದೆ ಸೆಟ್ ಒತ್ತಿದರೆ ಕಾರು 27ನ್ನೇ ಸರಿಯೆಂದು ಕಲಿತುಬಿಡುತ್ತದೆ, ಮುಂದೆ ನಿಜವಾಗಿ ಇಳಿದಾಗ ತಡವಾಗಿ ಹೇಳುತ್ತದೆ.

ಬಟನ್ ಒತ್ತಿದ ಮಾತ್ರಕ್ಕೆ ಕಲಿಕೆ ಮುಗಿಯುವುದಿಲ್ಲ. ಬೇರೆ ಬೇರೆ ವೇಗದಲ್ಲಿ ಅರ್ಧ ತಾಸಿನಿಂದ ಒಂದು ತಾಸು ಓಡಿಸಬೇಕು. ಅಂಕೋಲಾ–ಕುಮಟಾ ನಡುವಿನ ಹೆದ್ದಾರಿ ಇದಕ್ಕೆ ಒಳ್ಳೆಯದು. ಘಟ್ಟದ ತಿರುವಿನಲ್ಲಿ ಒಳಬದಿಯ, ಹೊರಬದಿಯ ಚಕ್ರಗಳು ಬೇರೆ ವೇಗದಲ್ಲಿ ತಿರುಗುವುದರಿಂದ ಅಲ್ಲಿ ಕಲಿಕೆ ಸರಿಯಾಗಿ ಆಗುವುದಿಲ್ಲ.

ಸೆಟ್ ಕೊಟ್ಟರೂ ವಾರದೊಳಗೆ ಮತ್ತೆ ಬಂದರೆ ಇವುಗಳನ್ನು ನೋಡಿ. ಒಂದೇ ಆಕ್ಸಲಿನಲ್ಲಿ ಒಂದು ಹೊಸ, ಒಂದು ಸವೆದ ಟಯರ್ ಇದೆಯೇ? ಕಂಪನಿ ಬೇರೆಯಾದರೆ ಅಳತೆಯ ಸಂಖ್ಯೆ ಒಂದೇ ಇದ್ದರೂ ಸುತ್ತಳತೆ ಬೇರೆ ಇರಬಹುದು. ಸಣ್ಣ ರಿಮ್ಮಿನ ಸ್ಟೆಪ್ನಿ ಹಾಕಿದ್ದೀರಾ? ಭಾರವೆಲ್ಲ ಒಂದೇ ಬದಿಗೆ ಇದೆಯೇ? ತೋಟದ ಮನೆಯ ಕೆಸರು ದಾರಿಯಲ್ಲಿ ಒಂದು ಚಕ್ರ ಜಾರಿದರೂ ಲೆಕ್ಕ ತಪ್ಪಬಹುದು. ಡಾಂಬರಿಗೆ ಬಂದ ಮೇಲೂ ಉಳಿದರೆ ಮಾತ್ರ ತಲೆಕೆಡಿಸಿಕೊಳ್ಳಿ. ಟಯರ್ ದೀಪದ ಜೊತೆ ಎಬಿಎಸ್ ದೀಪವೂ ಹೊತ್ತಿದರೆ ಗಾಳಿಯ ಮಾತು ಬಿಡಿ. ಚಕ್ರವೇಗ ಸೆನ್ಸರ್, ಅದರ ವೈರು, ಇಲ್ಲವೇ ಆ ಸೆನ್ಸರ್ ಓದುವ, ಚಕ್ರದ ಜೊತೆ ತಿರುಗುವ ರಿಂಗಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿಸಬೇಕು. ಕಾರಿನ 12 ವೋಲ್ಟ್ ಬ್ಯಾಟರಿ ತೆಗೆದು ಹಾಕಿದ ಮೇಲೆ ಇಂಥ ದೀಪಗಳು ಒಟ್ಟಿಗೆ ಬಂದು, ಸ್ವಲ್ಪ ದೂರ ಓಡಿಸಿದರೆ ತಾವಾಗಿ ಹೋಗುವುದೂ ಉಂಟು.

ನೇರ ಬಗೆಯಲ್ಲಿ ನಿಜವಾದ ಸುಳ್ಳುಗಳು

ಗಾಳಿ ಹಾಕಿ ಎರಡು ನಿಮಿಷಕ್ಕೆ ದೀಪ ಆರಲಿಲ್ಲವೆಂದು ಗಾಬರಿಯಾಗಬೇಡಿ. ನಿಂತ ಗಾಡಿಯ ಸೆನ್ಸರ್ ಬ್ಯಾಟರಿ ಉಳಿಸಲು ಸುಮ್ಮನಿರುತ್ತದೆ. ಗಂಟೆಗೆ 25 ಕಿಲೋಮೀಟರ್ ದಾಟಿ ಹತ್ತು ನಿಮಿಷ ಓಡಿಸಿದ ಮೇಲೆ ನೋಡಿ.

ಪರದೆ ಒಂದು ಚಕ್ರ ತೋರಿಸಿ, ಗಾಳಿ ಇಳಿದದ್ದು ಇನ್ನೊಂದರಲ್ಲಿ ಇದ್ದರೆ ಟಯರ್ ಅದಲುಬದಲಾದಾಗ ಸೆನ್ಸರುಗಳ ಜಾಗವನ್ನು ಕಾರಿಗೆ ತಿಳಿಸಿಲ್ಲ ಎಂದರ್ಥ. ಪರೀಕ್ಷೆ ಸುಲಭ: ಒಂದು ಟಯರಿನಿಂದ 4–5 ಪಿಎಸ್‌ಐ ಬಿಟ್ಟು ಸ್ವಲ್ಪ ಓಡಿಸಿ, ಯಾವ ಅಂಕಿ ಇಳಿಯಿತು ನೋಡಿ. ಕೆಲವು ಗಾಡಿ ತಾನೇ ಹುಡುಕಿಕೊಳ್ಳುತ್ತದೆ, ಉಳಿದವಕ್ಕೆ ಸ್ಕ್ಯಾನರ್ ಬೇಕು. ಪಂಚರ್ ಆದ ಚಕ್ರ ಡಿಕ್ಕಿಯಲ್ಲಿ ಮಲಗಿದ್ದರೆ ಅದರ ಸೆನ್ಸರ್ ಅಲ್ಲಿಂದಲೇ ‘ಗಾಳಿ ಇಲ್ಲ’ ಎಂದು ಹೇಳುತ್ತಿರಬಹುದು. ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ, ಅದನ್ನು ಹಾಕಿದಾಗ ಮಿಣುಕುವುದು ಸಹಜ.

ಕೆಲವೊಮ್ಮೆ ಮಾತ್ರ ಮಿಣುಕಿ, ಕೆಲವೊಮ್ಮೆ ಸರಿಯಿದ್ದರೆ ರೇಡಿಯೊ ಅಡಚಣೆ ಇರಬಹುದು. ನಮ್ಮಲ್ಲಿ ಈ ಸೆನ್ಸರುಗಳು ಬಳಸುವುದು 433 ಮೆಗಾಹರ್ಟ್ಸ್. ಕಾರವಾರದ ನೌಕಾನೆಲೆಯ ಮೇಲೆ ಗೂಬೆ ಕೂರಿಸುವ ಮೊದಲು ನಿಮ್ಮ ಗಾಡಿಯ ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಇನ್ವರ್ಟರ್ ತೆಗೆದು ಎರಡು ದಿನ ಓಡಿಸಿ ನೋಡಿ.

ಕಡಲತಡಿಯ ಗಾಡಿಗಳಿಗೆ ವಾಲ್ವೇ ದೊಡ್ಡ ತಲೆನೋವು. ಸೆನ್ಸರಿನ ವಾಲ್ವ್ ಅಲ್ಯೂಮಿನಿಯಮಿನದಾಗಿದ್ದರೆ ಅದಕ್ಕೆ ಸಾದಾ ಹಿತ್ತಾಳೆಯ ವಾಲ್ವ್ ಪಿನ್ ಹಾಕಬಾರದು. ಉಪ್ಪಿನ ತೇವದಲ್ಲಿ ಎರಡು ಲೋಹ ತಾಗಿದರೆ ಅಲ್ಯೂಮಿನಿಯಮ್ ತಿನ್ನಲ್ಪಟ್ಟು ಪಿನ್ ಕಚ್ಚಿಕೊಳ್ಳುತ್ತದೆ. ಜೋರು ಮಾಡಿ ತಿರುಗಿಸಿದರೆ ವಾಲ್ವೇ ಮುರಿಯುತ್ತದೆ. ನಿಕ್ಕಲ್ ಲೇಪದ, ಬೆಳ್ಳಗೆ ಕಾಣುವ ಪಿನ್ ಕೇಳಿ ಹಾಕಿಸಿ. ಅಂದಕ್ಕೆಂದು ಹಾಕುವ ಲೋಹದ ಕ್ಯಾಪೂ ಹೀಗೇ ಕಚ್ಚಿಕೊಳ್ಳುತ್ತದೆ. ಒಳಗೆ ರಬ್ಬರ್ ವಾಷರ್ ಇರುವ ಪ್ಲಾಸ್ಟಿಕ್ ಕ್ಯಾಪ್ ಸಾಕು. ಹಸಿರು-ಬಿಳಿ ಪುಡಿ ಕಂಡರೆ ಸೋಪಿನ ನೀರು ಹಾಕಿ ಗುಳ್ಳೆ ನೋಡಿ: ಪಿನ್ನಿನ ಬಾಯಿಗೆ, ವಾಲ್ವಿನ ಬುಡಕ್ಕೆ, ರಿಮ್ಮಿನ ಅಂಚಿನ ಸುತ್ತ. ಅಂಚಿನಲ್ಲಿ ಗುಳ್ಳೆ ಎದ್ದರೆ ಅಲಾಯ್ ತುಕ್ಕು ತಿಂದಿದೆ. ಟಯರ್ ಬಿಚ್ಚಿ, ಅಂಚು ಉಜ್ಜಿ, ಸೀಲರ್ ಹಚ್ಚಿ ಕೂರಿಸಬೇಕು. ಒಂದೇ ಚಕ್ರ ವಾರಕ್ಕೆ 2 ಪಿಎಸ್‌ಐಗಿಂತ ಹೆಚ್ಚು ಇಳಿಯುತ್ತಿದ್ದರೆ ದೀಪ ಸುಳ್ಳಲ್ಲ, ಸೋರಿಕೆ ಇದೆ.

ಟಯರ್ ಬಿಚ್ಚುವ ಮೊದಲೇ ಪಂಚರ್ ಅಂಗಡಿಯವರಿಗೆ ‘ವಾಲ್ವಿನ ಒಳಗಡೆ ಸೆನ್ಸರ್ ಇದೆ’ ಎಂದು ಹೇಳಿಬಿಡಿ. ಅಂಚು ಬಿಡಿಸುವ ಒತ್ತು ವಾಲ್ವಿನ ಹತ್ತಿರ ಬೀಳಬಾರದು, ಲಿವರ್ ಅಲ್ಲಿ ತೂರಿಸಬಾರದು. ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ಗ್ರೊಮೆಟ್, ವಾಷರ್, ಪಿನ್ ಹೊಸದು ಹಾಕಿಸಿ. ನಟ್ ಬಿಗಿ ಮಾಡಲು ಟಾರ್ಕ್ ರೆಂಚ್ ಬೇಕು, ಅಂದಾಜಿನ ಬಿಗಿ ಬೇಡ. ಪಂಚರ್ ತಡೆಯುವ ದ್ರವ ಸೆನ್ಸರಿನ ಸಣ್ಣ ರಂಧ್ರವನ್ನು ಮುಚ್ಚಿ ಅಂಕಿಯನ್ನು ಒಂದೇ ಕಡೆ ನಿಲ್ಲಿಸಬಹುದು. ಗಾಳಿ ಬಿಟ್ಟರೂ ಪರದೆಯ ಅಂಕಿ ಅಲುಗದಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಕೊನೆಗೆ ಸೆನ್ಸರಿನ ಬ್ಯಾಟರಿ. ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ, ಸಾಯುವ ಮೊದಲು ಚಳಿಯ ಬೆಳಿಗ್ಗೆ ಮಾತ್ರ ಕೈಕೊಡುತ್ತದೆ. ಅದನ್ನು ಅಚ್ಚಿನೊಳಗೆ ಮುಚ್ಚಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ. ಎರಡು ಮೂರು ವರ್ಷದ ಗಾಡಿಯಲ್ಲಿ ‘ನಾಲ್ಕೂ ಬದಲಿಸಬೇಕು’ ಎಂದರೆ ಟಿಪಿಎಂಎಸ್ ಸ್ಕ್ಯಾನರ್ ಹಿಡಿದು ಪ್ರತಿ ಸೆನ್ಸರಿನ ಐಡಿ, ಒತ್ತಡ, ಉಷ್ಣತೆ, ಬ್ಯಾಟರಿ ಸ್ಥಿತಿ ತೋರಿಸಲು ಕೇಳಿ. ಉತ್ತರ ಕೊಡದ್ದನ್ನು ಮಾತ್ರ ಬದಲಿಸಿ. ಹೊರಗಿನಿಂದ ತರಿಸುವುದಾದರೆ ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ, 433 ಮೆಗಾಹರ್ಟ್ಸ್ ಎಂದಿರುವುದನ್ನೇ ಕೊಳ್ಳಿ. ಅಮೆರಿಕದ ಗಾಡಿಗಳಿಗೆ ಮಾಡಿದ 315ರದ್ದು ರಿಮ್ಮಿಗೆ ಸರಿಯಾಗಿ ಕೂತರೂ ಇಲ್ಲಿನ ಕಾರಿಗೆ ಕೇಳಿಸುವುದಿಲ್ಲ.