ಕೆಸುವಿನ ಗೆಡ್ಡೆಗೆ ನೀರು ತೋರಿಸಬೇಡಿ

ಮೊನ್ನೆ ಬೆಂಗಳೂರಿಗೆ ಹೋಗಿದ್ದೆ. ಸೊಸೆಯ ಅಡುಗೆಮನೆಗೆ ಕಾಲಿಟ್ಟರೆ ಸಿಂಕಿನ ಪಕ್ಕ ಒಂದು ಪಾತ್ರೆ ತುಂಬ ನೀರು, ಅದರಲ್ಲಿ ಸಿಪ್ಪೆ ತೆಗೆದ ಕೆಸುವಿನ ಗೆಡ್ಡೆ ಮುಳುಗಿ ಕೂತಿತ್ತು. "ಕಪ್ಪಾಗಬಾರದು ಅಂತ ನೆನೆಹಾಕಿದೀನಿ ಅತ್ತೆ" ಅಂದಳು. ಆಮೇಲೆ ಅದನ್ನೇ ಕುಕ್ಕರಿಗೆ ಸುರಿದು ನಾಲ್ಕು ವಿಷಲ್ ಕೂಗಿಸಿದಳು. ಗೊಜ್ಜು ಗೋಂದಿನ ಹಾಗೆ ಸೌಟಿಗೆ ಅಂಟಿಕೊಂಡು ಎಳೆ ಎಳೆಯಾಗಿ ಬಂತು. ಮಕ್ಕಳು ತಟ್ಟೆ ಪಕ್ಕಕ್ಕೆ ಸರಿಸಿದವು. ಕೆಸು ಅಂದರೇ ಹೀಗೆ ಅಂತ ತಿಳಿದುಕೊಂಡುಬಿಟ್ಟವಲ್ಲ, ನನಗೆ ಸಂಕಟ ಆಗೋದು ಅದಕ್ಕೆ. ಒಳ್ಳೇ ಗೆಡ್ಡೆ. ಅದರ ತಪ್ಪು ಏನೂ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲ ಪೂರ್ತಿ ಪತ್ರೊಡೆ, ದಂಟಿನ ಹುಳಿ, ಗೆಡ್ಡೆ ಪಲ್ಯ ಅಂತಲೇ ಬೆಳೆದವಳು. ಆದರೂ ಗೆಡ್ಡೆಯನ್ನು ಲೋಳೆ ಬಿಡದ ಹಾಗೆ ಮಾಡುವುದನ್ನು ನಿಜವಾಗಿ ಕಲಿತದ್ದು ಸೈಪ್ರಸ್‌ನಲ್ಲಿ, ಅರವತ್ತು ದಾಟಿದ ಮೇಲೆ.

ಮಗಳ ಸಂಸಾರ ಇಂಗ್ಲೆಂಡಿನಲ್ಲಿದೆ. ಅಲ್ಲಿ ಅಕ್ಟೋಬರ್ ಕೊನೆಗೆ ಶಾಲೆಗೆ ಒಂದು ವಾರ ರಜೆ. ಅಷ್ಟು ಹೊತ್ತಿಗೆ ಅಲ್ಲಿ ಚಳಿ ಶುರು. ಸೈಪ್ರಸ್‌ನಲ್ಲಿ ಮಾತ್ರ ಆಗಲೂ ಮಕ್ಕಳು ಸಮುದ್ರಕ್ಕಿಳಿಯುವಷ್ಟು ನೀರು ಬೆಚ್ಚಗಿರುತ್ತದೆ. ಹಾಗಾಗಿ ಐದು ವರ್ಷ, ಐದು ಸಲ, ನಾವೆಲ್ಲ ಅಲ್ಲಿಗೇ ಹೋದೆವು. ನಮ್ಮ ಮನೆಯವರು ಆಗ ಇದ್ದರು. ಮೆಡಿಟರೇನಿಯನ್‌ನಲ್ಲಿ ಸಿಸಿಲಿ, ಸಾರ್ಡೀನಿಯಾ ಬಿಟ್ಟರೆ ಇದೇ ದೊಡ್ಡ ದ್ವೀಪ. ಬ್ರಿಟಿಷರು 1960ರಲ್ಲಿ ಬಿಟ್ಟುಹೋದ ಜಾಗ, ಅದಕ್ಕೇ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುತ್ತಾರೆ. ಅಳಿಯನಿಗೆ ಅದೊಂದು ನೆಮ್ಮದಿ.

ಮೊದಲ ಸಲ ಲಾರ್ನಾಕಾ ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಹೋಗುವಾಗ ನಾನು ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಎರಡೂ ಕಡೆ ಕೆಂಪು ಮಣ್ಣು! ಥೇಟು ನಮ್ಮ ಊರಿನ ಮಣ್ಣು. ಆ ಭಾಗದ ಹಳ್ಳಿಗಳಿಗೆ ಕೊಕ್ಕಿನೊಖೋರಿಯಾ ಅಂತಲೇ ಹೆಸರು, ಕೆಂಪು ಮಣ್ಣಿನ ಹಳ್ಳಿಗಳು ಅಂತ ಅರ್ಥವಂತೆ. ಆಲೂಗಡ್ಡೆ ಹೊಲಗಳು, ನೀರೆತ್ತುವ ಹಳೇ ಕಬ್ಬಿಣದ ಗಾಳಿಯಂತ್ರಗಳು. ಒಂದು ತಿರುವಿನಲ್ಲಿ "ಗಾಡಿ ನಿಲ್ಲಿಸು" ಅಂದೆ. ಹೊಲದ ತುಂಬ ಆನೆಕಿವಿಯಂಥ ಎಲೆ. ಕೆಸು! ಇಳಿದು ಎಲೆ ಮುಟ್ಟಿ ನೋಡಿದೆ. ನಮ್ಮದೇ ಕೆಸು, ಆಳೆತ್ತರ ಇತ್ತು. ಅವರು ಕೊಲೊಕಾಸಿ ಅನ್ನುತ್ತಾರೆ. ಗಿಡಶಾಸ್ತ್ರದವರು ಕೆಸುವಿಗೆ ಇಟ್ಟ ಹೆಸರಿನಲ್ಲೂ ಇದೇ ಪದ ಇದೆ. ಮೂಲದಲ್ಲಿ ಏಷ್ಯಾದ ಬೆಳೆ, ಯಾವ ಕಾಲದಲ್ಲೋ ಅಲ್ಲಿಗೆ ಹೋಗಿ ಬೇರೂರಿದೆ. ಪಕ್ಕದ ಸೊತೀರಾ ಎಂಬ ಹಳ್ಳಿಯ ಕೊಲೊಕಾಸಿಗೆ ಯುರೋಪಿನವರು ರಕ್ಷಿತ ಹೆಸರಿನ ಮಾನ್ಯತೆ ಕೊಟ್ಟಿದ್ದಾರೆ, ನಮ್ಮ ಅಪ್ಪೆಮಿಡಿ ಮಾವಿಗೆ ಜಿಐ ಅನ್ನುವ ಭೌಗೋಳಿಕ ಗುರುತು ಸಿಕ್ಕ ಹಾಗೆ.

ನಾವು ಉಳಿದದ್ದು ಒಬ್ಬ ಅಜ್ಜಿಯ ಮನೆಯ ಹಿಂಬದಿಯಲ್ಲಿ. ಮಕ್ಕಳು ಅವರನ್ನು ಯಾಯಾ ಅಂತಿದ್ದರು, ಅವರ ಭಾಷೆಯಲ್ಲಿ ಅಜ್ಜಿ. ಬಾಗಿಲಲ್ಲಿ ನಮ್ಮ ತುಳಸಿಯ ಜಾತಿಯದೇ ಒಂದು ಗಿಡ ಕುಂಡದಲ್ಲಿ. ಮಾರನೇ ದಿನ ನಾನು ಒಂದು ಗೆಡ್ಡೆ ತಂದು, ಸಿಪ್ಪೆ ತೆಗೆದು, ನಲ್ಲಿ ಕೆಳಗೆ ಹಿಡಿದೆ ನೋಡಿ, ಯಾಯಾ ಅಂಗಳದಿಂದ ಓಡಿಬಂದರು. "ಓಹಿ ನೆರೋ! ಓಹಿ!" ಓಹಿ ಅಂದರೆ ಬೇಡ. ನೆರೋ ಅಂದರೆ ನೀರು. ಇಷ್ಟು ಹತ್ತಿರದ ಪದ, ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಗೆಡ್ಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಸೆರಗಿನಂತಿದ್ದ ತಮ್ಮ ಏಪ್ರನ್‌ನಲ್ಲಿ ಒತ್ತಿ ಒತ್ತಿ ಒರೆಸಿದರು, ಮಗುವಿನ ತಲೆ ಒರೆಸುವ ಹಾಗೆ.

ಈಗ ಅವರು ಕಲಿಸಿದ ಕ್ರಮ ಹೇಳುತ್ತೇನೆ. ಗಮನ ಇಟ್ಟು ಓದಿ, ನಡುವೆ ಫೋನ್ ನೋಡಬೇಡಿ.

ತೊಳೆಯುವುದೆಲ್ಲ ಸಿಪ್ಪೆ ಇರುವಾಗಲೇ ಮುಗಿಯಬೇಕು. ಹಳೇ ಟೂತ್ ಬ್ರಶ್ ತಗೊಂಡು ಗೆಡ್ಡೆಯ ಉಂಗುರ ಉಂಗುರದ ಸಂದಿಯಲ್ಲಿ, ಬುಡದ ಗುಳಿಯಲ್ಲಿ ಕೂತ ಮಣ್ಣು ಉಜ್ಜಿ ತೆಗೆಯಿರಿ. ಆಮೇಲೆ ಒಣಗಬೇಕು. ಬಿಸಿಲಿದ್ದರೆ ಮೊರದಲ್ಲಿ ಹರಡಿ ಒಂದು ಮಧ್ಯಾಹ್ನ. ಮಳೆಗಾಲವಾದರೆ ರಾತ್ರಿಯೇ ತೊಳೆದು ಪೇಪರ್ ಮೇಲೆ ಫ್ಯಾನ್ ಕೆಳಗೆ ಇಡಿ. ಮುಟ್ಟಿದರೆ ಹೊಸ ಆಲೂಗಡ್ಡೆ ಚೀಲದಿಂದ ತೆಗೆದ ಹಾಗೆ ಒಣಒಣ ಅನ್ನಿಸಬೇಕು. ಅಂದರೆ ಬೆಳಗ್ಗೆ ಎದ್ದು "ಇವತ್ತು ಕೆಸು ಮಾಡೋಣ" ಅಂದರೆ ಆಗೋದಿಲ್ಲ, ಹಿಂದಿನ ದಿನವೇ ಯೋಚಿಸಬೇಕು.

ಆಮೇಲೆ ಕೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆಯಿರಿ. ಗೆಡ್ಡೆಯೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುತ್ತಾರೆ. ಕೈ, ಗಂಟಲು ತುರಿಸೋದು ಅವು ಚುಚ್ಚಿಯೇ. ಸಿಪ್ಪೆಯನ್ನು ತೆಳ್ಳಗೆ ಹೆರೆಯುವ ಜಿಪುಣತನ ಬೇಡ, ಸ್ವಲ್ಪ ದಪ್ಪವಾಗಿಯೇ ತೆಗೆಯಿರಿ. ಪ್ರತಿ ಗೆಡ್ಡೆ ಸುಲಿದ ತಕ್ಷಣ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಒದ್ದೆಯಾದರೆ ಬೇರೆ ತಗೊಳ್ಳಿ. ಚಾಕು, ಮಣೆ, ಕೈ ಯಾವುದಕ್ಕೂ ನೀರಿನ ಪಸೆ ಇರಬಾರದು. ಕೆಸುವಿನ ಎಲೆ ಮೇಲೆ ನೀರು ನಿಲ್ಲೋದಿಲ್ಲ ಅಂತ ಗಾದೆ ಥರ ಹೇಳ್ತೀವಲ್ವಾ? ಸಿಪ್ಪೆ ಬಿಟ್ಟ ಗೆಡ್ಡೆ ಅದಕ್ಕೆ ತದ್ವಿರುದ್ಧ. ಒಂದು ಹನಿ ಸಿಕ್ಕರೆ ಸಾಕು, ಲೋಳೆ ಬಿಡಲು ಶುರು ಮಾಡುತ್ತದೆ.

ಈಗ ಮುಖ್ಯ ವಿಷಯ. ಗೆಡ್ಡೆಯನ್ನು ಹೆಚ್ಚಬೇಡಿ. ಮುರಿಯಿರಿ. ಯಾಯಾ ಎಡಗೈಯಲ್ಲಿ ಗೆಡ್ಡೆ ಹಿಡಿದು, ಚಾಕುವಿನ ಮೂತಿಯನ್ನು ಓರೆಯಾಗಿ ಅರ್ಧ ಬೆರಳಿನಷ್ಟು ಒಳಗೆ ಇಳಿಸುತ್ತಿದ್ದರು. ಅಲ್ಲಿಗೆ ನಿಲ್ಲಿಸಿ ಮಣಿಕಟ್ಟನ್ನು ಹೊರಗಡೆಗೆ ತಿರುಗಿಸಿದರೆ "ಟಕ್" ಅಂತ ಸದ್ದು, ಒಂದು ಹೋಳು ಎದ್ದು ಬರುತ್ತಿತ್ತು. ಗೆಡ್ಡೆಯನ್ನು ಸ್ವಲ್ಪ ಹೊರಳಿಸಿ ಮತ್ತೆ ಇಳಿಸು, ತಿರುಗಿಸು, ಟಕ್. ಹೋಳಿನ ಒಂದು ಮುಖ ಚಾಕು ತಾಗಿ ನುಣ್ಣಗೆ, ಉಳಿದದ್ದು ಮುರಿದ ಬೆಲ್ಲದಚ್ಚಿನ ಹಾಗೆ ಒರಟು. ಆ ಒರಟು ಮುಖ ಎಣ್ಣೆಯಲ್ಲಿ ಗರಿಯಾಗುತ್ತದೆ, ಉಪ್ಪು ಹುಳಿ ಹಿಡಿಯುತ್ತದೆ. ನಾನು ಎರಡೂ ರೀತಿ ಮಾಡಿ ಪಕ್ಕಪಕ್ಕ ಇಟ್ಟು ತಿಂದು ನೋಡಿದ್ದೇನೆ. ಹೆಚ್ಚಿದ ಬಿಲ್ಲೆ ಸುಮ್ನೆ ಜಾರುತ್ತದೆ. ಮೊದಲ ದಿನ ನನ್ನ ಹೋಳುಗಳು ಒಂದು ದೊಡ್ಡ, ಒಂದು ಚೂರು. ಯಾಯಾ ಎಲ್ಲವನ್ನೂ ಆರಿಸಿ, ಚೂರುಗಳನ್ನು ಬೇರೆ ಬಟ್ಟಲಿಗೆ ಹಾಕಿ, ಗೆಡ್ಡೆ ಮತ್ತೆ ನನ್ನ ಕೈಗೇ ಕೊಟ್ಟರು. ಮೂರನೇ ಗೆಡ್ಡೆಗೆ ಕೈ ಕೂತಿತು.

ನಮ್ಮ ಸಂತೆಯಲ್ಲಿ ಸಿಗುವ ಸಣ್ಣ ಮರಿಗೆಡ್ಡೆಗಳನ್ನು ಮುರಿಯಬೇಕಿಲ್ಲ, ಇಡಿಯಾಗಿ ಹಾಕಿ. ಅಲ್ಲಿಯೂ ಮರಿಗೆಡ್ಡೆಯನ್ನು ಪೂಲ್ಲೆಸ್ ಅಂತ ಬೇರೆಯಾಗಿಯೇ ಮಾಡುತ್ತಾರೆ. ಹುರಿದು, ಜಜ್ಜಿದ ಕೊತ್ತಂಬರಿ ಬೀಜ ಹಾಕಿ, ಹುಳಿಗೆ ಕೆಂಪು ವೈನ್ ಸುರಿಯುತ್ತಾರೆ. ನಾನು ನಿಂಬೆರಸ ಹಾಕುತ್ತೇನೆ, ಹುಣಸೆಯೂ ಆದೀತು.

ದಪ್ಪ ತಳದ ಬಾಣಲೆಯಲ್ಲಿ ಧಾರಾಳ ಎಣ್ಣೆ. ಚೆನ್ನಾಗಿ ಕಾದ ಮೇಲೆ ಹೋಳು ಹಾಕಿ, ಎಲ್ಲ ಕಡೆ ಹೊಂಬಣ್ಣ ಬರುವವರೆಗೆ ಬಿಡಿ. ಸೌಟು ಆಡಿಸಬೇಡಿ, ಬಾಣಲೆಯನ್ನೇ ಹಿಡಿದು ಕುಲುಕಿ. ಆಮೇಲೆ ಕುಟ್ಟಾಣಿಯಲ್ಲಿ ಒಡೆದ ಕೊತ್ತಂಬರಿ ಬೀಜ. ಪುಡಿ ಬೇಡ, ಬೀಜ ಎರಡಾಗಿ ಮೂರಾಗಿ ಒಡೆದರೆ ಸಾಕು. ಉಪ್ಪು, ಹುಳಿ. ಇಷ್ಟಾದ ಮೇಲೆಯೇ ಕುದಿಯುವ ನೀರು ಒಂದಿಷ್ಟು, ಮುಚ್ಚಳ, ಸಣ್ಣ ಉರಿ. ಹುರಿದು ಮೈ ಗಟ್ಟಿಯಾಗಿರುತ್ತದೆ, ಹುಳಿಯೂ ಜೊತೆಗಿರುತ್ತದೆ, ಈಗ ನೀರು ಬಿದ್ದರೂ ಲೋಳೆ ಬರೋದಿಲ್ಲ. ದೊಡ್ಡ ತಾಯಿಗೆಡ್ಡೆಯ ಹೋಳಾದರೆ ಮುಕ್ಕಾಲು ಗಂಟೆ, ಒಂದು ಗಂಟೆಯೂ ಬೇಕಾದೀತು. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಅರೆಬೆಂದ ಕೆಸು ತಿಂದರೆ ಗಂಟಲು ಬಿಡೋದಿಲ್ಲ, ಅವಸರ ಮಾಡಲೇಬೇಡಿ.

ನೀರಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಸಮುದ್ರಕ್ಕೆ ಹೋಗಿಬಂದ ಬಟ್ಟೆಯನ್ನು ಹಸಿಯಲ್ಲೇ ಮೆಷಿನ್ನಿಗೆ ತುರುಕುತ್ತಾರಲ್ಲ ಈಗಿನವರು, ಮರಳೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಮೊದಲು ಹಗ್ಗದ ಮೇಲೆ ಪೂರ್ತಿ ಒಣಗಿಸಿ. ಒಣಗಿದ ಮರಳು ಎರಡು ಸಲ ಕೊಡವಿದರೆ ಉದುರಿಹೋಗುತ್ತದೆ. ಆಮೇಲೆ ಬರೀ ನೀರಲ್ಲಿ ಉಪ್ಪು ಬಿಡಿಸಿ, ಕೊನೆಗೆ ಸೋಪು. ಸೈಪ್ರಸ್‌ನಲ್ಲಿ 2008ರಲ್ಲಿ ಬರ ಬಿದ್ದು ಗ್ರೀಸಿನಿಂದ ಹಡಗಿನಲ್ಲಿ ಕುಡಿಯುವ ನೀರು ತರಿಸಿದ್ದರು. ಆ ಕಾಲ ಕಂಡ ಯಾಯಾ ನಮ್ಮ ಬಟ್ಟೆ ಜಾಲಿಸಿದ ಬಕೆಟ್ಟಿನಿಂದ ಅಂಗಳದ ಕಲ್ಲು ತೊಳೆಯುತ್ತಿದ್ದರು, ಗೆಡ್ಡೆ ತೊಳೆದ ಕೆಂಪು ನೀರನ್ನು ಗಿಡದ ಕುಂಡಕ್ಕೆ ಹಾಕುತ್ತಿದ್ದರು.

ಸಂಜೆ ನಾವು ಲಿಯೊಪೆತ್ರಿ ಊರಿನ ಹತ್ತಿರದ ಹಿನ್ನೀರಿಗೆ ಹೋಗುತ್ತಿದ್ದೆವು. ಸಣ್ಣ ಸಣ್ಣ ಮೀನುದೋಣಿ ಸಾಲಾಗಿ ಕಟ್ಟಿರುತ್ತವೆ. ನಮ್ಮ ಮನೆಯವರು ಅಲ್ಲಿ ಕಟ್ಟೆ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಬ್ರೆಡ್ಡು, ಹಲ್ಲೂಮಿ ಚೀಸು, ತಣ್ಣಗಾದ ಕೆಸು. "ತೀರ್ಥಹಳ್ಳಿಯಲ್ಲಿ ಇದನ್ನು ಯಾಕೆ ಹೀಗೆ ಮಾಡಲಿಲ್ಲ ನೀನು?" ಅಂತ ಐದು ವರ್ಷವೂ ಕೇಳಿದರು. ಊರಿಗೆ ಬಂದ ಮೇಲೆ ಪ್ರತಿ ಸಲವೂ ಹೀಗೆಯೇ ಮಾಡಿ ಬಡಿಸಿದೆ.

ಹೋದ ವಾರ ಮೊಮ್ಮಗ ಫೋಟೋ ಕಳಿಸಿದ್ದ. ಈಗ ಲಂಡನ್ನಿನಲ್ಲಿ ಓದುತ್ತಾನೆ, ಅಲ್ಲಿ ಸೈಪ್ರಸ್‌ನವರ ಅಂಗಡಿಯಲ್ಲಿ ಕೊಲೊಕಾಸಿ ಸಿಗುತ್ತದೆ. ಕಿಟಕಿಯ ಪಕ್ಕ ಪೇಪರ್ ಹಾಸಿ ಎರಡು ಗೆಡ್ಡೆ ಇಟ್ಟಿದ್ದ. "ತೊಳೆದಾಯ್ತು ಅಜ್ಜಿ, ನಾಳೆ ಸುಲಿಯೋದು" ಅಂದ. ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದರ ಬುಡದ ಗುಳಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಬ್ರಶ್ ತಗೊಂಡು ಇನ್ನೊಮ್ಮೆ ಉಜ್ಜಿ ಒಣಗಿಸು ಅಂದೆ.