ನೀತಿಯ ಪ್ರಶ್ನೆಗೆ ಯಾವ ಗುರುಗಳ ಬಳಿ ಹೋಗಬೇಕು?

ಹಳೆಯ ಪದ್ಧತಿಯ ಲ್ಯಾಟಿನ್ ಬಲಿಪೂಜೆಯನ್ನು ಭಕ್ತಿಯಿಂದ ಅರ್ಪಿಸುವ ಗುರುಗಳೆಲ್ಲರೂ ನೀತಿಶಾಸ್ತ್ರದಲ್ಲಿಯೂ ನುರಿತವರೇ ಎಂದು ನಂಬಿಬಿಡುವುದು ಸಂಪ್ರದಾಯನಿಷ್ಠ ಕಥೋಲಿಕರು ಸುಲಭವಾಗಿ ಮಾಡುವ ತಪ್ಪು. ಅರೆಬರೆ ಓದಿದ ಗುರುಗಳಿಂದ ತಮ್ಮ ಆತ್ಮಕ್ಕೆ ಬಹಳ ಹಾನಿಯಾಯಿತೆಂದೂ, ಅವರು ಗಂಭೀರ ಪಾಪವನ್ನು ಲಘು ಪಾಪವೆಂದು ಹೇಳಿದ್ದರೆಂದೂ ಹದಿನಾರನೆಯ ಶತಮಾನದ ಸ್ಪೇನಿನ ಸನ್ಯಾಸಿನಿ ಆವಿಲಾದ ಸಂತ ತೆರೇಸಾ ಬರೆದುಕೊಂಡಿದ್ದಾರೆ.

ಮೊದಲು ಅಧಿಕಾರವನ್ನು ವಿಚಾರಿಸಿ. ಪಾಪನಿವೇದನೆಯನ್ನು ಆಲಿಸಿ ಕ್ಷಮೆ ನೀಡಲು ಗುರುದೀಕ್ಷೆಯೊಂದೇ ಸಾಲದು. ಸಾಮಾನ್ಯವಾಗಿ ಧರ್ಮಾಧ್ಯಕ್ಷರಿಂದ (ಬಿಷಪರಿಂದ) ದೊರೆಯುವ ಅನುಮತಿಯೂ ಬೇಕು. ಮರಣದ ಅಪಾಯದಲ್ಲಿರುವವರಿಗೆ ಮಾತ್ರ ಯಾವ ಗುರುವಾದರೂ ಕ್ಷಮೆ ನೀಡಬಹುದು.

ಅನಂತರ ಅವರ ಓದನ್ನು ವಿಚಾರಿಸಿ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಗುರುಮಠದಲ್ಲಿ (ಸೆಮಿನರಿಯಲ್ಲಿ) ತತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು, ಒಟ್ಟು ಕನಿಷ್ಠ ಆರು ವರ್ಷಗಳ ಅಧ್ಯಯನ ನಡೆಯಬೇಕು. ನೀತಿಶಾಸ್ತ್ರವನ್ನು ಯಾವ ಗ್ರಂಥಗಳಿಂದ ಕಲಿತಿರಿ ಎಂದು ವಿನಯದಿಂದ ಕೇಳಿದರೆ ಯಾರೂ ಬೇಸರಿಸಬೇಕಾಗಿಲ್ಲ. 1950ರಲ್ಲಿ ಪಾಪನಿವೇದನಾ ಗುರುಗಳ ಪಾಲಕ ಸಂತರೆಂದು ಘೋಷಿತರಾದ, ನೀತಿಶಾಸ್ತ್ರದ ಗ್ರಂಥಗಳನ್ನು ಬರೆದ ಸಂತ ಅಲ್ಫೋನ್ಸುಸ್ ಲಿಗೋರಿಯವರನ್ನು ಓದಿರದ 'ಸಾಂಪ್ರದಾಯಿಕ' ಗುರುಗಳ ಬಗ್ಗೆ ನನಗಂತೂ ಸ್ವಲ್ಪ ಅನುಮಾನ.

ನಿಜವಾದ ಪರೀಕ್ಷೆ ನಡೆಯುವುದು ಒಂದು ಸಣ್ಣ ಪ್ರಶ್ನೆಯಲ್ಲಿ. ವರ್ಷಗಳ ಹಿಂದೆ ಲೆಕ್ಕದಲ್ಲಿ ಮೋಸಮಾಡಿ ಇಟ್ಟುಕೊಂಡ ಹಣವನ್ನು ಈಗ ಏನು ಮಾಡಬೇಕೆಂದು ಕೇಳಿದಿರಿ ಎನ್ನೋಣ. ತರಬೇತಿಯಿಲ್ಲದವರು ಒಂದೋ ಗದರಿಸುತ್ತಾರೆ, ಇಲ್ಲವೇ ಪ್ರಾರ್ಥನೆ ಮಾಡಿ ಮರೆತುಬಿಡಿ ಎನ್ನುತ್ತಾರೆ. ಬಲ್ಲವರು ಉತ್ತರಿಸುವ ಮೊದಲು ತಾವೇ ಪ್ರಶ್ನೆ ಕೇಳುತ್ತಾರೆ: ಮೊತ್ತವೆಷ್ಟು, ಆಗ ಅದು ಮೋಸವೆಂದು ಗೊತ್ತಿತ್ತೇ, ಹಣದ ಒಡೆಯರು ಬದುಕಿದ್ದಾರೆಯೇ, ಹಿಂದಿರುಗಿಸಿದರೆ ನಿಮ್ಮ ಮನೆಯವರ ಊಟಕ್ಕೆ ತೊಂದರೆಯಾಗುತ್ತದೆಯೇ? ಒಡೆಯರು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು, ಯಾರೆಂದು ಪತ್ತೆಯೇ ಆಗದಿದ್ದರೆ ಬಡವರಿಗೆ ಕೊಡಬೇಕು, ನಿಮ್ಮ ಹೆಸರು ಬಹಿರಂಗವಾಗದಂತೆಯೂ ಕೊಡಬಹುದು ಎಂಬ ವಿವರಗಳೆಲ್ಲ ಅವರ ಬಳಿ ಸಿದ್ಧವಾಗಿರುತ್ತವೆ.

ಧರ್ಮಸಭೆಯ ಬೋಧನೆ ಯಾವುದು, ತಮ್ಮ ಸ್ವಂತ ಅಭಿಪ್ರಾಯ ಯಾವುದು ಎಂಬುದನ್ನು ಅವರು ಬೇರ್ಪಡಿಸಿ ಹೇಳುತ್ತಾರೆಯೇ ಎಂಬುದನ್ನೂ ಗಮನಿಸಿ. ಕಠೋರತೆಯನ್ನು ಪಾಂಡಿತ್ಯವೆಂದು ಎಣಿಸಬೇಡಿ. ಗುರುಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಧರ್ಮಸಭೆಯೇ ನಿಮಗೆ ಕೊಟ್ಟಿದೆ, ಆದರೆ ಹಿತವಾದ ಉತ್ತರ ಸಿಗುವವರೆಗೂ ಬಾಗಿಲಿಂದ ಬಾಗಿಲಿಗೆ ಅಲೆಯುವುದು ಆ ಸ್ವಾತಂತ್ರ್ಯದ ದುರುಪಯೋಗ. ಕ್ಲಿಷ್ಟವಾದ ಪ್ರಶ್ನೆಗೆ "ಇದನ್ನು ನೋಡಿ ಹೇಳಬೇಕು, ಮುಂದಿನ ವಾರ ಬನ್ನಿ" ಎನ್ನುವ ಫಾದರ್ ಸಿಕ್ಕರೆ, ತಪ್ಪದೆ ಮುಂದಿನ ವಾರ ಹೋಗಿ.